ದೊಡ್ಡಕ್ಕನ ಹೆಸರಿಗೆ ಬಂದ ಮಾತ್ರೆ

ಶಿಡ್ಲಘಟ್ಟ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಗಂಗು,

ಬೆಳಿಗ್ಗೆ ನಿನಗೆ ಬರೆದು ಮುಗಿಸಿದ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಮನೆ, ಮಗು, ವಕೀಲರು, ನಿನ್ನ ಅಂಗಡಿಗೆ ಹಾಕಿದ ಸೀಲು, ಎಲ್ಲದರ ಸುದ್ದಿಯೂ ಇತ್ತು. ಅದೊಂದು ಇರಲಿಲ್ಲ. ಲಕೋಟೆಗೆ ಅಂಟು ಹಚ್ಚುವಾಗ ನನಗೇ ನಾಚಿಕೆಯಾಯಿತು. ಹರಿದುಹಾಕಿ ಮತ್ತೆ ಕೂತಿದ್ದೇನೆ. ಗಂಗು, ದೊಡ್ಡಕ್ಕ ಹೋಗಿಬಿಟ್ಟಳು. ಎಂಟನೇ ತಾರೀಕು ಶನಿವಾರ, ಬೆಳಕು ಹರಿಯುವ ಹೊತ್ತಿಗೆ.

ಇದನ್ನು ಇಷ್ಟು ತಡವಾಗಿ, ಹೀಗೆ ಕಾಗದದಲ್ಲಿ ತಿಳಿಸುತ್ತಿರುವುದಕ್ಕೆ ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಮಂಗಳವಾರ ಗೌತಮಿ ಜೈಲಿಗೆ ಬಂದದ್ದು ಹೇಳುವುದಕ್ಕೇ. ಗಾಜಿನ ಆಚೆಯಿಂದ ನೀನು ನಕ್ಕೆಯಂತೆ. "ದೊಡ್ಡಕ್ಕ ಊಟ ಮಾಡ್ತಿದಾಳಾ?" ಅಂದೆಯಂತೆ. ಅವಳ ಬಾಯಲ್ಲಿ "ಹೂಂ" ಬಂತು. ನಿನ್ನ ಹೆಂಡತಿ ಚಿಕ್ಕಬಳ್ಳಾಪುರದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಅತ್ತುಕೊಂಡು ಬಂದಳು. "ನನ್ ಕೈಲಿ ಆಗಲ್ಲ ಅಕ್ಕಾ, ನೀವೇ ಬರೀರಿ. ಓದಿರೋರು, ಹೆಂಗೋ ಬರೀತೀರಿ," ಅಂದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದೆ, ನಿಜ. ಇಂಥದ್ದನ್ನು ಬರೆಯುವುದು ಯಾವ ಮೀಡಿಯಂನಲ್ಲೂ ಕಲಿಸಲಿಲ್ಲ.

ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿನವರು ಓದುತ್ತಾರೆ, ಗೊತ್ತು. ಓದಲಿ. ಓದಿದವರು ಯಾರೇ ಆಗಿದ್ದರೂ ಒಂದು ಉಪಕಾರ ಮಾಡಲಿ, ನೀನು ಒಬ್ಬನೇ ಇರುವಾಗ ಕೊಡದೆ, ನಿನ್ನ ಕೋಣೆಯ ಆ ಬಯ್ಯಪ್ಪ ಪಕ್ಕದಲ್ಲಿರುವಾಗ ಕೊಡಲಿ.

ಅಂತ್ಯಕ್ರಿಯೆಗೆ ನಿನ್ನನ್ನು ಕರೆಸಲು ನಾವು ನೋಡಲಿಲ್ಲ ಎಂದುಕೊಳ್ಳಬೇಡ. ಉಸಿರು ನಿಂತ ಕೂಡಲೇ ವಕೀಲ ಮುರಳಿಮೋಹನ್ ಅವರಿಗೆ ಫೋನ್ ಮಾಡಿದೆ. ಪಾಪ, ನಿದ್ದೆಗಣ್ಣಲ್ಲೇ ಎತ್ತಿದರು. "ಇವತ್ತು ಎರಡನೇ ಶನಿವಾರ ಮೇಡಂ. ನಾಳೆ ಭಾನುವಾರ. ಪೊಲೀಸ್ ಕಾವಲಲ್ಲಿ ಕರ್ಕೊಂಡು ಬರೋಕೂ ಕೋರ್ಟಿನ ಆರ್ಡರ್ ಬೇಕು. ಸೋಮವಾರದವರೆಗೂ ಇಟ್ಕೊಳೋಕೆ ಆಗುತ್ತಾ?" ಅಂದರು. ಅಕ್ಕನ ಮೈ ಇದ್ದ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಮಧ್ಯಾಹ್ನವೇ ಮಣ್ಣು ಮಾಡಿದೆವು. ನೀನು ಹಾಕಬೇಕಿದ್ದ ಹಿಡಿ ಮಣ್ಣನ್ನು ನಾನು ಹಾಕಿದೆ. ಯಾರೋ ಒಬ್ಬ ಹಿಂದಿನಿಂದ ಹೆಂಗಸು ಹಾಕಬಹುದಾ ಅಂದ. ಅಕ್ಕನ ಜೊತೆ ರೇಷ್ಮೆ ರೀಲಿಂಗ್ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸರು, ಬಿಸಿನೀರಿನ ಬಾನಿಯಿಂದ ಕೈ ತೆಗೆದು ಹಾಗೇ ಬಂದವರು, ಅವನ ಬಾಯಿ ಮುಚ್ಚಿಸಿದರು. "ಅನಸೂಯಮ್ಮ ಸಾಕಿದ್ ಮಗಳು ಕಣಯ್ಯಾ ಅವ್ಳು. ನೀನ್ ಯಾವೂರೋನು ಕೇಳಾಕೆ?" ಅಂತ.

ಚಿಂತಾಮಣಿಯಿಂದ ಕರೀಮುನ್ನೀಸಾ ಬೇಗಂ ಕೂಡ ಬಂದಿದ್ದರು. ಮಗ ಜಾಹಿದ್ ಬೇಡವೆಂದರೂ ಆಟೋ ಮಾಡಿಸಿಕೊಂಡು ಬಂದರಂತೆ. ಅಕ್ಕನ ಕಾಲ ಹತ್ತಿರ ಕೂತು ನನ್ನ ಕೈ ಹಿಡಿದುಕೊಂಡೇ ಇದ್ದರು. "ಬೇಟಿ, ನಾನು ಕೋರ್ಟಲ್ಲಿ ಬಂದು ಹೇಳ್ತೀನಿ. ಆ ಮಾತ್ರೆ ನಾನೇ ತಂದು ಕೊಟ್ಟಿದ್ದು. ನಮ್ಮ ಯಜಮಾನ್ರು ಸತ್ತೋದ್ಮೇಲೆ ಮಿಕ್ಕಿದ್ದು. ಪುಣ್ಯ ಬರ್ಲಿ ಅಂತ ಕೊಟ್ಟೆ, ಪಾಪ ಬಂತಲ್ಲ," ಅಂದರು. ಮುರಳಿಮೋಹನ್ ಅಲ್ಲೇ ಇದ್ದರು. ಮೆತ್ತಗೆ ಹೇಳಿದರು: "ಅಮ್ಮಾ, ನೀವು ಹೇಳಿದ್ರೆ ಗಂಗರಾಜು ಹೊರಗೆ ಬರೋದು ಗ್ಯಾರಂಟಿ ಇಲ್ಲ. ನೀವು ಒಳಗೆ ಹೋಗೋದು ಮಾತ್ರ ಆಗಬಹುದು." ಸಾವಿನ ಮನೆಯಲ್ಲಿ ಒಬ್ಬರಿಬ್ಬರು ನಕ್ಕರು. ಕರೀಮುನ್ನೀಸಾ ನಗಲಿಲ್ಲ, ನಾನೂ ನಗಲಿಲ್ಲ.

ನಡೆದದ್ದನ್ನು ದಿನಾ ಮೊದಲಿನಿಂದ ಜೋಡಿಸಿ ನೋಡುತ್ತೇನೆ, ಎಲ್ಲಿ ನಿಲ್ಲಿಸಬಹುದಿತ್ತು ಎಂದು. ನಮ್ಮ ಕಡೆ ಸತ್ತವರ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಸಿಗೆ ಬಟ್ಟೆಯ ಜೊತೆ ಅದೂ ಆಚೆ ಹೋಗಬೇಕು. ಆದರೆ ಬಿಸಾಕಲು ಮನಸ್ಸು ಬರುವುದಿಲ್ಲ, ಯಾರಿಗಾದರೂ ಆಗಲಿ ಎಂದು ನಿನ್ನ ಮೆಡಿಕಲ್ ಶಾಪಿಗೆ ತಂದು ಕೊಡುತ್ತಿದ್ದರು. ನೀನು ಅದಕ್ಕೆಂದೇ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ದೆ. ಬಿಪಿ ಮಾತ್ರೆ, ಶುಗರ್ ಮಾತ್ರೆ. ಕೊಳ್ಳಲಾಗದವರು ಬಂದು ಕೇಳಿ ಇಸಕೊಂಡು ಹೋಗುತ್ತಿದ್ದರು. ಆ ಡಬ್ಬ ಇಡೀ ಚಿಂತಾಮಣಿಗೆ ಗೊತ್ತಿತ್ತು. ಗಂಡ ಸತ್ತಾರ್ ಸಾಬರ ನಲವತ್ತನೇ ದಿನದ ಫಾತಿಹಾ ಮುಗಿಸಿ ಕರೀಮುನ್ನೀಸಾ ತಂದ ಪೊಟ್ಟಣದಲ್ಲಿ, ಅವರ ಹೃದಯದ ಮಾತ್ರೆಗಳ ಜೊತೆ, ಮಾರ್ಫಿನ್ ಇತ್ತು.

ಮಾರ್ಫಿನ್ ಬೇರೆ. ಅದಕ್ಕೆ ಮಾನ್ಯತೆ ಪಡೆದ ಆಸ್ಪತ್ರೆಯೇ ಬೇಕು. ಅಲ್ಲಿಂದ ಚೀಟಿಯಲ್ಲಿ ಹೆಸರಿರುವ ರೋಗಿಗೆ ಹೋಗಬೇಕು, ಇನ್ನೊಬ್ಬರ ಕೈಗೆ ಹೋಗಕೂಡದು, ಮಿಕ್ಕಿದರೆ ಕೊಟ್ಟಲ್ಲಿಗೇ ವಾಪಸ್. ಇದನ್ನು ಡಿ.ಫಾರ್ಮಾ ಮಕ್ಕಳಿಗೆ ವರ್ಷಾ ವರ್ಷ ಪಾಠ ಮಾಡುವವಳು ನಾನು. ನಿನಗೂ ಗೊತ್ತಿತ್ತು. ಆದರೆ ಅಕ್ಕನ ಎದೆಯ ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಇಳಿದಿತ್ತು. ಬೆಂಗಳೂರಿನಲ್ಲಿ ಕೊಟ್ಟ ಮಾತ್ರೆ ಮುಗಿದಿತ್ತು, ಅವಳನ್ನು ಮತ್ತೆ ಅಲ್ಲಿಗೆ ಕರೆದೊಯ್ಯಲು ಕಾರಿನ ಸೀಟಿನಲ್ಲಿ ಕೂರಿಸಲೂ ಆಗುತ್ತಿರಲಿಲ್ಲ. ನೀನು ಅರ್ಧ ಪೊಟ್ಟಣ ಮನೆಗೆ ತಂದೆ, ಅರ್ಧ ಅಂಗಡಿಯಲ್ಲಿಟ್ಟೆ. ಆ ವಾರ ಅಕ್ಕ ಎದ್ದು ಗೋಡೆಗೆ ಒರಗಿ ಕೂತು ಬಸ್ಸಾರು ಮಾಡಿಸಿಕೊಂಡು ಉಂಡದ್ದು ನೆನಪಿದೆಯಾ? "ಉಪ್ಪು ಕಮ್ಮಿ ಹಾಕಿದೀಯ, ಕಾಲೇಜಿನ ಮೇಡಂಗೆ ಸಾರು ಮಾಡೋದ್ ಯಾರ್ ಕಲಿಸ್ತಾರೆ?" ಅಂತ ನನ್ನನ್ನು ಬೈದಳು. ಆ ಬೈಗುಳ ಕೇಳಿ ನಾವಿಬ್ಬರೂ ಎಷ್ಟು ಖುಷಿಪಟ್ಟೆವು.

ಗಣೇಶನ ಹಬ್ಬ ಕಳೆದ ವಾರ ತಪಾಸಣೆಗೆ ಬಂದವರು ನಿನ್ನನ್ನು ಹುಡುಕಿ ಬಂದವರಲ್ಲ. ಊರ ಹುಡುಗರು ನೋವಿನ ಮಾತ್ರೆ ಕರಗಿಸಿ ರಕ್ತಕ್ಕೆ ಚುಚ್ಚಿಕೊಳ್ಳುತ್ತಿದ್ದಾರೆ ಎಂದು ಎಲ್ಲ ಅಂಗಡಿಗಳನ್ನೂ ನೋಡುತ್ತಿದ್ದರು. ಬಿಲ್ಲಿಲ್ಲದ ಮಾರ್ಫಿನ್ ನಿನ್ನ ಡಬ್ಬದಲ್ಲಿ ಸಿಕ್ಕಿತು. ನೀನು ತೋರಿಸಿದ ಚೀಟಿ ಅಕ್ಕನ ಹೆಸರಿನಲ್ಲಿತ್ತು, ಮಾತ್ರೆ ಆಸ್ಪತ್ರೆಯಿಂದ ಸತ್ತಾರ್ ಸಾಬರ ಹೆಸರಿನಲ್ಲಿ ಹೊರಟದ್ದು. ಮಾತ್ರೆಯೊಳಗಿನ ಮದ್ದನ್ನಷ್ಟೇ ತೂಗಿದ್ದರೆ ಅಲ್ಪ ಪ್ರಮಾಣ, ಜಾಮೀನು ಸಿಗುವ ಕೇಸು. ಆದರೆ ಪಿಷ್ಟ ಪುಡಿ ಎಲ್ಲ ಸೇರಿದ ಇಡೀ ಮಾತ್ರೆಯ ತೂಕ ಹಿಡಿಯಬೇಕು ಎಂದು ಕಾನೂನಿದೆ. ಆ ತೂಕದಲ್ಲಿ ನೀನು ಅಲ್ಪ ಪ್ರಮಾಣದ ಗೆರೆ ದಾಟಿಬಿಟ್ಟೆ.

ಕಾನೂನೇ ತಪ್ಪು ಎಂದು ಬರೆದುಬಿಟ್ಟರೆ ನನಗೆ ಹಗುರವಾಗುತ್ತಿತ್ತು. ಆದರೆ ನಮ್ಮ ಕಾಲೇಜಿನ ಹಿಂದಿನ ಖಾಲಿ ಸೈಟಿನಲ್ಲಿ ಬಿದ್ದಿರುವ ಸಿರಿಂಜುಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವುಗಳನ್ನು ಚುಚ್ಚಿಕೊಂಡವರಿಗೂ ಅಕ್ಕಂದಿರು ಇದ್ದಾರೆ. ಬೀಗ ಇರಲೇಬೇಕು ಎಂದು ಇವತ್ತೂ ನಂಬುತ್ತೇನೆ. ಬೀಗದ ಕೈ ಅಕ್ಕನಂಥವರಿಗೆ ಎಟುಕದಷ್ಟು ದೂರ ಏಕಿದೆ ಎಂದು ಮಾತ್ರ ಇಷ್ಟು ವರ್ಷ ಪಾಠ ಮಾಡಿದರೂ ನಾನು ಕೇಳಿಕೊಂಡಿರಲಿಲ್ಲ. ಮೊನ್ನೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಸತ್ತೋದವರ ಮಾತ್ರೆ ಯಾರದು?" ಅಂದಳು. ಇಡೀ ತರಗತಿ ತಲೆ ತಗ್ಗಿಸಿತು. ಎಲ್ಲರಿಗೂ ನಿನ್ನ ವಿಷಯ ಗೊತ್ತು. "ಆಸ್ಪತ್ರೆಯದು," ಅಂದೆ. ಪರೀಕ್ಷೆಯಲ್ಲಿ ಬರೆದರೆ ಅದಕ್ಕೆ ಅಂಕ ಸಿಗುತ್ತದೆ.

ನಿನ್ನನ್ನು ಕರೆದೊಯ್ಯುವ ಹೊತ್ತಿಗೆ ಮನೆಗೆ ತಂದಿದ್ದ ಅರ್ಧ ಪೊಟ್ಟಣವೂ ಮುಗಿದಿತ್ತು. ಆಮೇಲೆ ನಾನು ಅಕ್ಕನಿಗೆ ಕ್ರಮವಾಗಿಯೇ ಮಾತ್ರೆ ತರಲು ಓಡಾಡಿದೆ. ಇಲ್ಲಿಯ ಡಾಕ್ಟರು ಕೈ ಮುಗಿದು, "ನಮ್ಮಲ್ಲಿ ಆ ಪರವಾನಗಿ ಇಲ್ಲಮ್ಮ," ಅಂದರು. ಚಿಕ್ಕಬಳ್ಳಾಪುರದಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ಬೆಂಗಳೂರಿಗೇ ಹೋಗಿ ಎಂದರು. ಬೆಂಗಳೂರಿಗೆ ಹೋದರೆ ರೋಗಿಯನ್ನು ನೋಡದೆ ಕೊಡುವ ಹಾಗಿಲ್ಲ. ಅವರದೂ ತಪ್ಪಲ್ಲ, ನೋಡದೆ ಕೊಟ್ಟರೆ ಅವರ ಪರವಾನಗಿಗೇ ಕುತ್ತು. ಕೊನೆಗೆ ಒಬ್ಬ ಡಾಕ್ಟರು ವಿಡಿಯೋದಲ್ಲಿ ಅಕ್ಕನನ್ನು ನೋಡಲು ಒಪ್ಪಿದರು. ಗೌತಮಿ ಫೋನ್ ಹಿಡಿದಿದ್ದಳು, ನಾನು ಅಲ್ಲಿ ಡಾಕ್ಟರ ಮುಂದೆ ಕೂತಿದ್ದೆ. ಅಕ್ಕ ಆ ನೋವಿನಲ್ಲೂ ಸೆರಗು ಸರಿಮಾಡಿಕೊಂಡಳು. ಅವಳ ಆಧಾರ್, ನನ್ನ ಆಧಾರ್, ಸಹಿ, ಎಲ್ಲ ಆಗಿ ಮಾತ್ರೆ ನನ್ನ ಕೈಗೆ ಬಂದಾಗ ಅಕ್ಟೋಬರ್ ಅರ್ಧ ಕಳೆದಿತ್ತು. ಅಷ್ಟು ದಿನ ಅವಳು ಬರೀ ಜ್ವರದ ಮಾತ್ರೆಯಲ್ಲಿ ಕಳೆದಳು, ಗಂಗು. ನೋವು ಬಂದಾಗ ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಟಿವಿ ಜೋರು ಮಾಡುತ್ತಿದ್ದರು, ಮೊದಲು ನನಗೆ ಸಿಟ್ಟು ಬಂದಿತು, ಆಮೇಲೆ ಅರ್ಥವಾಯಿತು.

ಮಾತ್ರೆ ತಂದು ತೋರಿಸಿದಾಗ ಅಕ್ಕ ಅದರ ಮೇಲಿನ ಚೀಟಿ ಓದಿಸಿಕೊಂಡಳು. "ನನ್ ಹೆಸರೇ ಬರ್ದವ್ರಾ? ಮಾತ್ರೆಗೂ ಆಧಾರ್ ಕೇಳ್ತಾರಾ? ಸೈಟ್ ರಿಜಿಸ್ಟ್ರಿ ಮಾಡ್ಸಿದಂಗಾಯ್ತಲ್ಲೇ," ಎಂದು ನಕ್ಕಳು. ನಾನು ಲೋಟದಲ್ಲಿ ನೀರು ತಂದೆ. ಅಕ್ಕ ಬಾಯಿ ತೆರೆಯಲಿಲ್ಲ. ಅವಳಿಗೆ ನೋವಿನಲ್ಲಿ ತೆಲುಗೇ ಬರುತ್ತಿತ್ತಲ್ಲ, "ವದ್ದಮ್ಮಾ, ವದ್ದು," ಅಂದಳು. ಬೇಡ ಎಂದರೆ ಬೇಡ. ಗಂಜಿಯಲ್ಲಿ ಪುಡಿ ಮಾಡಿ ಕೊಟ್ಟೆ. ಕಹಿ ನಾಲಿಗೆಗೆ ಸಿಕ್ಕ ಕೂಡಲೇ ಉಗಿದು ನನ್ನ ಮುಖ ನೋಡಿದಳು. "ನಂಗೆ ಮೋಸ ಮಾಡ್ತೀಯೇನೇ?" ಅಂದಳು. ಆಮೇಲೆ ನಾನು ಆ ಕೆಲಸ ಮಾಡಲಿಲ್ಲ. ಪೊಲೀಸರು ಬಂದು, ಮಾತ್ರೆ ತಂದ ನನ್ನನ್ನೂ ಕರೆದೊಯ್ಯುತ್ತಾರೆ ಎಂದು ಹೆದರಿದಳು. ತಮ್ಮನನ್ನು ಒಳಗೆ ಹಾಕಿಸಿದ ಮಾತ್ರೆ ಅದು, ಹೆದರದೆ ಇನ್ನೇನು? ಬಂದವರಿಗೆಲ್ಲ ಇದನ್ನೇ ಹೇಳಿದ್ದೇನೆ. ಅವಳ ಹೆಸರಿಗೆ ಬಂದ ಮಾತ್ರೆ, ಬಿಲ್ಲು ಸಹಿ ಸಮೇತ ಬಂದದ್ದು, ಕಪಾಟಿನಲ್ಲಿ ಹಾಗೇ ಕೂತಿತು. ಅದರಿಂದ ನಾಲ್ಕು ಹೆಜ್ಜೆ ಆಚೆ ಚಾಪೆಯ ಮೇಲೆ ಅಕ್ಕ ನರಳಿ ನರಳಿ ಹೋದಳು.

ಮಣ್ಣಾದ ಮೂರನೇ ದಿನ, ಹಾಲು ತುಪ್ಪ ಬಿಟ್ಟು ಬಂದು ಕೂತಿದ್ದಾಗ ಹಿಂದಿನ ಬೀದಿಯ ಮುನಿವೆಂಕಟಪ್ಪ ಬಂದರು. ಅವರ ಹೆಂಡತಿಗೂ ಹೀಗೇ, ಗರ್ಭಕೋಶದ್ದು. ನೇರವಾಗಿ ಕೇಳಲಿಲ್ಲ. "ಅನಸೂಯಮ್ಮಂದು ಏನೋ ಮಾತ್ರೆ ಮಿಕ್ಕೈತಂತಲ್ಲಮ್ಮಾ," ಅಂದರು. ಕಪಾಟು ಅವರ ಬೆನ್ನ ಹಿಂದೆಯೇ ಇತ್ತು. ವಾಪಸ್ ಕೊಡಬೇಕು, ಕೊಡದಿದ್ದರೆ ಇನ್ನೊಂದು ಕೇಸಾಗುತ್ತದೆ, ನಿಮ್ಮ ಹೆಂಡತಿಯ ಕಾಗದ ಕೊಡಿ, ನಾನೇ ಬೆಂಗಳೂರಿನಲ್ಲಿ ಮಾತಾಡುತ್ತೇನೆ ಎಂದೆ. ಎಲ್ಲ ಸರಿಯಾದ ಮಾತುಗಳೇ. ಅವರು ಟವೆಲ್ ಕೊಡವಿ ಎದ್ದು, "ಆಗ್ಲಿ ಬಿಡಮ್ಮ. ನಿಮ್ ತಮ್ಮ ಆಗಿದ್ರೆ ಕೊಡ್ತಿದ್ದ," ಅಂದರು. ಬೈಯಬೇಕೆಂದು ಅಂದದ್ದಲ್ಲ. ಬುಧವಾರ ಬೆಂಗಳೂರಿಗೆ ಹೋಗಿ ಮಾತ್ರೆ ವಾಪಸ್ ಕೊಟ್ಟು ರಸೀದಿ ತಂದೆ. ಮುನಿವೆಂಕಟಪ್ಪನವರ ಹೆಂಡತಿಯ ಕಾಗದ ನೋಡಿ, ಒಮ್ಮೆ ಕರೆದುಕೊಂಡು ಬನ್ನಿ ಎಂದರು ಅಲ್ಲಿನ ಡಾಕ್ಟರು. ಅವರು ಹೆಂಡತಿಯನ್ನು ಎತ್ತಿಕೊಂಡು ಯಾವ ಬಸ್ಸು ಹತ್ತುತ್ತಾರೋ ಗೊತ್ತಿಲ್ಲ. ನೀನಾಗಿದ್ದರೆ ಕೊಡುತ್ತಿದ್ದೆ, ನಿಜ. ಕೊಟ್ಟದ್ದಕ್ಕೇ ನೀನು ಅಲ್ಲಿದ್ದೀಯ, ಕೊಡದೆ ನಾನು ಇಲ್ಲಿದ್ದೇನೆ. ಯಾರು ಸರಿ ಎಂದು ಕೇಳಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಬಯ್ಯಪ್ಪ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ ಎಂದಿದ್ದೆ, ಮರೆತಿಲ್ಲ. ಗೌರಿಬಿದನೂರಿನ ಹೊಲದಲ್ಲಿ ಮುಸುಕಿನ ಜೋಳದ ಸಾಲಿನ ನಡುವೆ ಸಿಕ್ಕಿದ ಗಾಂಜಾ ಗಿಡಗಳನ್ನು ಬೇರಿನ ಮಣ್ಣೂ ಸೇರಿಸಿ ತೂಗಿದರು ಎಂದು ಅವನು ಹೇಳುತ್ತಾನಲ್ಲವೇ? ಕಾನೂನಿನಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ತುದಿಯ ಜೊತೆ ಇಲ್ಲದ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. ತುದಿಯನ್ನು ಬೇರೆ ಮಾಡಿ ತೂಗಿದರಾ ಎಂದು ಅವನ ವಕೀಲರು ಕೇಳಲಿ. ಆದರೆ ಸುಮ್ಮನೆ ಆಸೆ ಹುಟ್ಟಿಸಬೇಡ, ಗಿಡ ಬೆಳೆಸಿದ್ದೇ ಒಂದು ಅಪರಾಧ, ಅದು ಹಾಗೇ ಉಳಿಯುತ್ತದೆ. ಗಿಡದ ತುದಿ ಬೇರೆ ಎಲೆ ಬೇರೆ ಎಂದು ವಿಂಗಡಿಸುವಷ್ಟು ಸೂಕ್ಷ್ಮ ಇರುವ ಕಾನೂನಿಗೆ ಮಾತ್ರೆಯ ಮದ್ದು ಬೇರೆ ಪಿಷ್ಟ ಬೇರೆ ಎಂದು ಕಾಣುವುದಿಲ್ಲ. ಬಯ್ಯಪ್ಪನಿಗೆ ಇದನ್ನು ಓದಿ ಹೇಳು. ನಗುವವನಾದರೆ ನಗಲಿ.

ಇನ್ನು ನಿನ್ನ ಜಾಮೀನು. ಇಪ್ಪತ್ತನೇ ತಾರೀಕು ಗುರುವಾರ ಹೈಕೋರ್ಟಿನಲ್ಲಿದೆ. ನಮ್ಮ ಅರ್ಜಿಯ ಮುಖ್ಯ ಕಾರಣವೇ ಅಕ್ಕ, ಹಾಸಿಗೆ ಹಿಡಿದ ಅಕ್ಕನನ್ನು ನೋಡಿಕೊಳ್ಳುವವನು ಇವನೇ ಎಂದು ಬರೆದಿದ್ದರು. ಈಗ ಆ ಕಾರಣ ಬಿದ್ದುಹೋಯಿತು. "ಕೋರ್ಟಿಗೆ ತಿಳಿಸಲೇಬೇಕು ಮೇಡಂ, ಮುಚ್ಚಿಟ್ರೆ ನಮಗೇ ತಿರುಗುತ್ತೆ," ಎಂದು ಮುರಳಿಮೋಹನ್ ಹೇಳಿದರು. ತಿಳಿಸಿ ಎಂದೆ. ಮರಣ ಪ್ರಮಾಣಪತ್ರ ನಾನೇ ತಂದು ಕೊಟ್ಟೆ. ಬೇರೆ ಕಾರಣಗಳನ್ನು ಒತ್ತಿ ಹೇಳುತ್ತೇನೆ ಎನ್ನುತ್ತಾರೆ. ಆದರೆ ಮಾತಾಡುವಾಗ ನನ್ನ ಕಣ್ಣು ನೋಡುವುದಿಲ್ಲ.

ಮಗು ಚೆನ್ನಾಗಿದ್ದಾಳೆ. ಗೌತಮಿ ರೀಲಿಂಗ್ ಶೆಡ್ಡಿನಲ್ಲಿ ಅಕ್ಕನ ಜಾಗಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ, ನಾನು ತಡೆಯಲಿಲ್ಲ. ನೀನು ಊಟ ಬಿಡಬೇಡ, ಗಂಗು. ಬಿಟ್ಟೆಯೆಂದು ಗೊತ್ತಾದರೆ ನನಗೆ ಇಲ್ಲಿ ಅನ್ನ ಇಳಿಯುವುದಿಲ್ಲ. ನಿನ್ನ ಮೈ ಮನಸ್ಸು ಗಟ್ಟಿಯಾಗಿರಲಿ. ಅಕ್ಕ ನಿನ್ನ ತಲೆ ಮೇಲೆ ಕೈಯಿಟ್ಟು ಏನೇನು ಹರಸುತ್ತಿದ್ದಳೋ ಅದೆಲ್ಲ ನನ್ನ ಬಾಯಿಂದ ನಿನಗೆ.

ನಿನ್ನ
ಚಿಕ್ಕಕ್ಕ ಅಮೃತ

ಮರೆತ ಮಾತು: ಮರೆತದ್ದಲ್ಲ. ಹೆದರಿ ಬೇಡ ಅಂದಳು ಎಂದು ಮೇಲೆ ಬರೆದೆನಲ್ಲ, ಅದು ಹಾಗಲ್ಲ. ಗೌತಮಿಗೂ ಇದು ಗೊತ್ತಿಲ್ಲ.

ಮಾತ್ರೆ ತಂದ ಎರಡನೇ ದಿನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅಕ್ಕ ನನ್ನನ್ನು ಹತ್ತಿರ ಕರೆದಳು. "ಗಂಗಮ್ಮ ತಾಯಿಗೆ ಹರಕೆ ಹೇಳ್ಕೊಂಡಿದೀನಿ ಕಣೇ. ನಮ್ ಹುಡುಗ ಹೊಸಲು ದಾಟಿ ಒಳಗೆ ಬರೋವರ್ಗೂ ಆ ಮಾತ್ರೆ ಮುಟ್ಟಲ್ಲ ಅಂತ. ಯಾರ್ಗೂ ಹೇಳ್ಬೇಡ," ಅಂದಳು. ನಾನು ಜಗಳವಾಡಿದೆ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ತೋರಿಸಿ, ಈ ಮನೆಯಲ್ಲಿ ಹರಕೆ ಏನಕ್ಕ ಅಂದೆ. "ಅವ್ರು ಓದಿದೋರು, ಅವ್ರಿಗೆ ಕೋರ್ಟಿತ್ತು. ನಂಗೇನೈತೆ?" ಅಂದಳು. ಬಿಡಲೇಬೇಕಿದ್ದರೆ ಕಾಫಿ ಬಿಡು, ಎಲೆ ಅಡಿಕೆ ಬಿಡು ಎಂದು ಬೇಡಿಕೊಂಡೆ. "ಕಾಫಿ ಬಿಟ್ರೆ ಗಂಗಮ್ಮ ನಗ್ತಾಳೆ. ಯಾವ್ದಿಲ್ದೆ ಇರಕ್ಕಾಗಲ್ವೋ ಅದನ್ನೇ ಬಿಡ್ಬೇಕು," ಅಂದಳು. ಕೊನೆಯ ವಾರ ನೋಡಲಾಗದೆ ಸುಳ್ಳೂ ಹೇಳಿದೆ, ಜಾಮೀನು ಸಿಕ್ಕಿತು ಅಕ್ಕ, ಬರುತ್ತಿದ್ದಾನೆ, ಬಾಯಿ ತೆಗೆ ಎಂದು. ಅವಳು ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. "ಎಲ್ಲಿ, ಕರಿ," ಅಂದಳು.

ಇದನ್ನು ನಿನ್ನಿಂದ ಮುಚ್ಚಿಡುವ ಹಕ್ಕು ನನಗಿದೆಯೋ, ನಿನ್ನ ಮೇಲೆ ಹೊರಿಸುವ ಹಕ್ಕು ಇದೆಯೋ, ಎರಡೂ ತಿಳಿಯುತ್ತಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ ಎಂದು ಎಷ್ಟು ಸಲ ಬರೆದರೂ ನೀನು ನಂಬುವುದಿಲ್ಲ ಎಂಬುದು ಮಾತ್ರ ತಿಳಿದಿದೆ. ಗುರುವಾರ ನಿನ್ನನ್ನು ಬಿಟ್ಟರೆ ಈ ಕಾಗದ ಬೇಡ, ಮನೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲೇ ಹೇಳುತ್ತೇನೆ, ಅಳುವುದಿದ್ದರೆ ಇಬ್ಬರೂ ಒಟ್ಟಿಗೆ ಅಳೋಣ. ಬಿಡುತ್ತಾರೆ ಎಂದು ನನಗೆ ಅನ್ನಿಸುತ್ತಿಲ್ಲ. ಸ್ಟಾಂಪು ಈಗಲೇ ಅಂಟಿಸಿದ್ದೇನೆ. ಅಂಚೆಗೆ ಹಾಕುವುದು ೨೧ ನವೆಂಬರ್ ೨೦೨೫, ಶುಕ್ರವಾರ.